ಶಾಂಘೈಯಲ್ಲಿ ಬಿಡುವಿದ್ದ ಒಂದು ಮಧ್ಯಾಹ್ನ

ಕಳೆದ ಭಾನುವಾರ ಕೊಚ್ಚಿಯ ಹತ್ತಿರ ಕಾಕ್ಕನಾಡಿನ ನಮ್ಮ ಫ್ಲ್ಯಾಟಿನಲ್ಲಿ ಮಗಳು ಅಂಗಡಿಯಿಂದ ತಂದ ಮೊಮೊಗಳನ್ನು ಇಡ್ಲಿ ಪಾತ್ರೆಯಲ್ಲಿಟ್ಟು ಬೇಯಿಸಿದಳು. ಮುಚ್ಚಳ ತೆಗೆದದ್ದೇ ತಡ, ಬೆಂದ ಹಿಟ್ಟು, ಶುಂಠಿ, ಸೊಪ್ಪು ಎಲ್ಲ ಬೆರೆತ ಹಬೆ ನನ್ನ ಕುರ್ಚಿಯವರೆಗೂ ಬಂತು. ನಾನು ಎದ್ದು ಬಾಲ್ಕನಿಗೆ ಹೋಗಿ ನಿಂತೆ. ಮುದುಕನಿಗೆ ವಾಸನೆ ಹಿಡಿಸಲಿಲ್ಲ ಎಂದುಕೊಂಡಳು ಅವಳು. ಸಂಗತಿ ಅದಲ್ಲ. ಅರವತ್ತು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಈಗ ನಿಮಗೂ ಹೇಳುತ್ತೇನೆ, ಕೇಳಿ.

ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ತಿರುವನಂತಪುರದ ಸರ್ಕಾರಿ ಕಚೇರಿಗೆ ಬಂದು ಬಿದ್ದ ಕನ್ನಡದ ಹುಡುಗರಲ್ಲಿ ನಾನೂ ಒಬ್ಬ. ಇಂಗ್ಲಿಷ್ ಶೀಘ್ರಲಿಪಿಯಲ್ಲಿ ನನ್ನ ಕೈ ಜೋರಾಗಿತ್ತು. ಮಲಯಾಳ ಮಾತಾಡಿದರೆ ಮಾತ್ರ ಕ್ಯಾಂಟೀನಿನವರು ನಗುತ್ತಿದ್ದರು. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ತೆಂಗಿನ ನಾರಿನ ಕಸುಬಿನವರ ಒಂದು ನಿಯೋಗ ಚೀನಾಕ್ಕೆ ಹೊರಟಾಗ, ಭಾಷಣಗಳನ್ನು ಬರೆದುಕೊಳ್ಳಲೆಂದು ನನ್ನನ್ನೂ ಸೇರಿಸಿದರು. ಅದುವರೆಗೆ ನಾನು ಮದರಾಸನ್ನು ಸಹ ನೋಡಿರಲಿಲ್ಲ. ಸುದ್ದಿ ಬಂದ ವಾರದಲ್ಲೇ ಕೋಟು ಹೊಲಿಸಿಕೊಂಡೆ. ಅದನ್ನು ತೊಟ್ಟು ಲಾಡ್ಜಿನ ಕನ್ನಡಿಯ ಮುಂದೆ ಎಷ್ಟು ಸಲ ನಿಂತೆನೋ, ಲೆಕ್ಕ ಇಟ್ಟಿಲ್ಲ.

ಆಗ ಅಮ್ಮ ಊರಿನಿಂದ ಕಾಗದ ಬರೆದಳು: ಕೊಚ್ಚಿಗೆ ಹೋಗಿ ವಾಸುಮಾವನನ್ನು ಕಂಡು ಬಾ.

ವಾಸುಮಾವ ಅಮ್ಮನ ಚಿಕ್ಕಪ್ಪನ ಮಗ. ಹರೆಯದಲ್ಲಿ ಬೊಂಬಾಯಿಯಿಂದ ಹಡಗು ಹತ್ತಿ ಶಾಂಘೈಯಲ್ಲಿ ಇಳಿದು, ಹನ್ನೆರಡು ವರ್ಷ ಅಲ್ಲಿನ ಒಂದು ದೊಡ್ಡ ಹೋಟೆಲಿನ ಸ್ವಾಗತದ ಮೇಜಿನಲ್ಲಿ ಕೂತವರು. ಊರಿಗೆ ಬಂದ ಪರದೇಶಿಗಳಿಗೆ ಎಲ್ಲಿ ಊಟ ಚೆನ್ನ, ಯಾವ ಆಟ ನೋಡಬೇಕು, ಎಲ್ಲಿ ಸುತ್ತಬೇಕು ಎಂದು ಹೇಳುವುದೇ ಅವರ ಕೆಲಸ. ಅದೇ ಹೋಟೆಲಿನಲ್ಲಿ ಟೆಲಿಫೋನು ನೋಡಿಕೊಳ್ಳುತ್ತಿದ್ದ ಚೀನೀ ಹುಡುಗಿಯನ್ನು ಮದುವೆಯಾದರು. ಅಲ್ಲಿ ಕಮ್ಯುನಿಸ್ಟರ ಆಳ್ವಿಕೆ ಬಂದು ಹೋಟೆಲು ಮುಚ್ಚಿದಾಗ, ಮೊದಲು ತಾನು ಬಂದು ಕೆಲಸ ಹುಡುಕಿ ಆಮೇಲೆ ಹೆಂಡತಿ, ಮಗಳನ್ನು ಕರೆಸಿಕೊಳ್ಳುವುದೆಂದು ಹೊರಟು ಬಂದರು. ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಮಸಾಲೆ ವ್ಯಾಪಾರಿಯೊಬ್ಬರ ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ಕರೆಸಿಕೊಳ್ಳುವುದು ಮಾತ್ರ ಆಗಲಿಲ್ಲ.

ನಾನು ಎರ್ನಾಕುಳಂನಿಂದ ದೋಣಿಯಲ್ಲಿ ಹೋಗಿ ಇಳಿದಾಗ ಅವರು ಜೆಟ್ಟಿಯಲ್ಲೇ ಕಾಯುತ್ತಿದ್ದರು. ಕೋಣೆಗೆ ಹೋದ ಕೂಡಲೇ ಶುರುಮಾಡಿದರು.

"ಮೊದಲ ದಿನ ಬೆಳಿಗ್ಗೆ ನದಿ ದಂಡೆಗೆ ಹೋಗು, ಆಯ್ತಾ? ದೊಡ್ಡ ದೊಡ್ಡ ಕಟ್ಟಡ ಉಂಟು. ನೀನು ಕಟ್ಟಡ ನೋಡ್ಬೇಡ, ದೋಣಿ ನೋಡು. ಹಳೇ ಪೇಟೆಯಲ್ಲಿ ಒಂದು ಕೆರೆ ಉಂಟು, ಅದಕ್ಕೆ ಅಂಕುಡೊಂಕು ಸೇತುವೆ, ಕೆರೆ ಮಧ್ಯೆ ಚಹಾದ ಮನೆ. ಅಲ್ಲಿ ಮೇಲಿನ ಮಾಳಿಗೆಯಲ್ಲೇ ಕೂತ್ಕೋ. ಊಟಕ್ಕೆ ಬೌದ್ಧರ ದೇವಸ್ಥಾನದ ಪಕ್ಕದ ಅಂಗಡಿ. ಮೀನಿನ ಹಾಗೆ ಇರುವ ಎಂತದೋ ತಂದಿಡ್ತಾರೆ. ಹೆದರ್ಬೇಡ ಮಾರಾಯ, ಅದು ಹಿಟ್ಟಿನದ್ದು!"

ಹೇಳುತ್ತ ಹೇಳುತ್ತ ಅವರ ಬೆನ್ನು ನೆಟ್ಟಗಾಯಿತು, ದನಿ ಬೇರೆಯಾಯಿತು. ಎದುರಿಗೆ ಕೂತ ನಾನು ಅವರ ಗಿರಾಕಿಯಾಗಿಬಿಟ್ಟಿದ್ದೆ. ಕೊನೆಗೆ ವಿಳಾಸದ ಒಂದು ಚೀಟಿ ತೆಗೆದರು. ಒಂದು ಕಡೆ ಇಂಗ್ಲಿಷು, ಒಂದು ಕಡೆ ಚೀನೀ ಅಕ್ಷರ.

"ಒಂದೂವರೆ ವರ್ಷ ಆಯ್ತು, ಹೆಂಡತಿಯ ಕಾಗದ ಇಲ್ಲ. ನಾನು ಬರೆದದ್ದು ಮುಟ್ಟುತ್ತದಾ, ಅದೂ ಗೊತ್ತಿಲ್ಲ. ನೀನು ಬರ್ತೀ ಅಂತ ಬರೆದಿದ್ದೇನೆ. ಅವರನ್ನು ಕರೆಸಿಕೊಳ್ಳುವ ನನ್ನ ಅರ್ಜಿ ಈಗ ದೆಹಲಿಯಲ್ಲಿ ಮುಂದೆ ಹೋಗಿದೆ. ಅವರು ಈ ಮನೆಯಲ್ಲೇ ಇದ್ದಾರೆ ಅಂತ ಗೊತ್ತಾದ್ರೆ ಸಾಕು, ಬಾಕಿದ್ದೆಲ್ಲ ಆಗ್ತದೆ. ಒಂದು ಗಳಿಗೆ ಹೋಗಿ ಬಾ."

ಆಮೇಲೆ ಹಸಿರು ಗಾಜಿನ ಬಳೆಗಳ ಒಂದು ಪೊಟ್ಟಣ ಕೊಟ್ಟರು. "ಬಿಟ್ಟು ಬರುವಾಗ ಮಗಳಿಗೆ ನಾಲ್ಕು ವರ್ಷ. ಈಗ ಕೈ ಎಷ್ಟಾಗಿರ್ತದೋ. ಅಂದಾಜಿನಲ್ಲಿ ತೆಗೊಂಡೆ."

ಶಾಂಘೈಯಲ್ಲಿ ನಾವು ಇದ್ದದ್ದು ಮೂರು ದಿನ. ಮಾವ ಹೇಳಿದ್ದೆಲ್ಲ ಇತ್ತು. ನದಿ, ಸೇತುವೆ, ಚಹಾದ ಮನೆ, ಹಿಟ್ಟಿನ ಮೀನು. ಆತಿಥೇಯರು ನಮ್ಮನ್ನು ಮದುಮಕ್ಕಳಂತೆ ನೋಡಿಕೊಂಡರು. ಮೂರನೆಯ ದಿನ ಊಟವಾದ ಮೇಲೆ ದುಭಾಷಿ ಹುಡುಗಿ, ಸಂಜೆಯ ಔತಣದವರೆಗೆ ಬಿಡುವು, ಬೇಕಾದವರು ಸರ್ಕಸ್ಸಿಗೆ ಬರಬಹುದು ಎಂದಳು. ಚೀಟಿ ನನ್ನ ಕೋಟಿನ ಜೇಬಿನಲ್ಲೇ ಇತ್ತು. ಅದನ್ನು ತೋರಿಸಿದರೆ ಏನಾದರೂ ತೊಂದರೆಯಾದೀತು ಎಂಬ ಭಯವಿತ್ತೆಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ನನಗೆ ಸರ್ಕಸ್ಸು ನೋಡಬೇಕಿತ್ತು. ಅರ್ಧ ನೋಡಿ ಎದ್ದು ಹೋದರಾಯಿತು ಅಂದುಕೊಂಡೆ. ಒಬ್ಬಳು ಎರಡೂ ಕೈಯಲ್ಲಿ ಬೆತ್ತಗಳನ್ನು ಹಿಡಿದು ಅವುಗಳ ತುದಿಯಲ್ಲಿ ತಟ್ಟೆಗಳನ್ನು ತಿರುಗಿಸುತ್ತ ತಲೆಕೆಳಗಾಗಿ ನಿಂತಳು. ನಾನು ಏಳಲಿಲ್ಲ. ಆಟ ಮುಗಿದಾಗ ಔತಣದ ಹೊತ್ತಾಗಿತ್ತು. ಮರುದಿನ ಬೆಳಿಗ್ಗೆ ರೈಲು.

ಮಟ್ಟಾಂಚೇರಿಗೆ ಬಂದೆ. ಮಾವ ನನ್ನ ಮುಖವನ್ನೇ ನೋಡಿದರು. "ಆ ಗಲ್ಲಿಯನ್ನೇ ಕೆಡವಿದ್ದಾರೆ ಮಾವ. ಅಲ್ಲಿದ್ದವರು ಎಲ್ಲಿಗೆ ಹೋದರೋ ಯಾರಿಗೂ ಗೊತ್ತಿಲ್ಲ" ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು! ಹೋಗಲಿಲ್ಲ ಎಂದರೆ ಯಾಕೆ ಎನ್ನುತ್ತಾರೆ. ಮನೆಯೇ ಇಲ್ಲ ಎಂದರೆ ಮತ್ತೆ ಪ್ರಶ್ನೆಯಿಲ್ಲ. ಬಳೆಯ ಪೊಟ್ಟಣ ಮೇಜಿನ ಮೇಲಿಟ್ಟೆ. ಮಾವ ಅದನ್ನು ಮುಟ್ಟಲಿಲ್ಲ. "ಚಹಾ ಕುಡಿ" ಎಂದರು.

ಐದು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವರು ತಿರುವನಂತಪುರದ ನನ್ನ ಕಚೇರಿಗೇ ಬಂದರು. ಅಂಗಳದ ಮರದ ಕೆಳಗೆ ಕೂತು ಒಂದು ಕಾಗದವನ್ನು ನನ್ನ ಕೈಗಿಟ್ಟರು. ಹೆಂಡತಿ ಇಂಗ್ಲಿಷಿನಲ್ಲಿ ಬರೆದದ್ದು. ಯಾರೋ ಹಾಂಗ್‌ಕಾಂಗಿನಿಂದ ಅಂಚೆಗೆ ಹಾಕಿದ್ದರು. ನಿಮ್ಮ ಕಾಗದ ಸಿಕ್ಕಿತು, ನಾವು ಅದೇ ಮನೆಯಲ್ಲಿದ್ದೇವೆ. ಕೇರಳದವರು ಬಂದಿದ್ದಾರೆಂದು ಪತ್ರಿಕೆಯಲ್ಲಿ ನೋಡಿ, ಮೂರು ದಿನ ಮಗಳು ಶಾಲೆಗೆ ಹೋಗದೆ ಗಲ್ಲಿಯ ತುದಿಯಲ್ಲಿ ನಿಂತಿದ್ದಳು. ನಿಮ್ಮ ಕಡೆಯವರು ಮಾಂಸ ತಿನ್ನುವುದಿಲ್ಲವೆಂದು ಶುಂಠಿ ಹಾಕಿ ಸೊಪ್ಪಿನ ಕಡುಬು ಮಾಡಿಟ್ಟಿದ್ದೆ. ಯಾರೂ ಬರಲಿಲ್ಲ.

"ಮನೆ ಉಂಟಂತೆ" ಎಂದರು ಮಾವ.

"ನಾನು ಹೋಗ್ಲೇ ಇಲ್ಲ ಮಾವ. ಸರ್ಕಸ್ಸಿಗೆ ಹೋಗಿದ್ದೆ."

ಅವರು ಕಾಗದವನ್ನು ಮಡಿಚಿ ಜೇಬಿಗಿಟ್ಟುಕೊಂಡರು.

"ತಟ್ಟೆ ತಿರುಗಿಸ್ತಾರಲ್ಲ, ಅದಾ?"

"ಹೌದು."

"ಚೆನ್ನಾಗಿರ್ತದೆ. ನಾನೇ ಎಷ್ಟೋ ಜನರನ್ನು ಕಳಿಸಿದ್ದೆ." ಆಮೇಲೆ ನೆಲ ನೋಡುತ್ತ ಹೇಳಿದರು: "ಅವರ ಪತ್ತೆ ಇಲ್ಲ ಅಂತ ಬರೆದು ಅರ್ಜಿ ವಾಪಸ್ ತೆಗೊಂಡೆ. ಎರಡು ತಿಂಗಳಾಯ್ತು."

ಹೊಸ ಅರ್ಜಿಯನ್ನು ನಾನೇ ಟೈಪು ಮಾಡಿದೆ, ಮತ್ತೆ ಮತ್ತೆ ಮಾಡಿದೆ. ಮೊದಲಿನಿಂದ ಶುರುವಾಗಬೇಕು ಎಂದು ಉತ್ತರ ಬಂತು. ಅಷ್ಟರಲ್ಲಿ ಗಡಿಯ ತಕರಾರು ಬೆಳೆಯಿತು, ಯುದ್ಧವಾಯಿತು, ಕಾಗದಗಳು ಪೂರ್ತಿ ನಿಂತವು. ಯುದ್ಧ ಮುಗಿದ ಮರುವರ್ಷ ಮಾವ ಮಟ್ಟಾಂಚೇರಿಯ ಆ ಕೋಣೆಯಲ್ಲೇ ತೀರಿಕೊಂಡರು. ಕೊನೆಯ ತನಕ ನನ್ನ ಜೊತೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

ಆವತ್ತು ಬಾಲ್ಕನಿಗೆ ಮಗಳು ಬಂದಳು. ಇಷ್ಟನ್ನೂ ಅವಳಿಗೆ ಹೇಳಿಬಿಟ್ಟೆ. ಹೇಳಿದರೆ ಹಗುರಾಗುತ್ತದೆ ಎನ್ನುತ್ತಾರಲ್ಲ, ನಾನೂ ಅದನ್ನು ನಂಬಿದ್ದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಲಯಾಳ. ಎಲ್ಲ ಕೇಳಿಸಿಕೊಂಡು ಕೇಳಿದಳು:

"ಆ ಕುಟ್ಟಿಯುಡೆ ಪೇರೆಂದಾಯಿರುನ್ನು, ಅಚ್ಛಾ?"

ಆ ಮಗುವಿನ ಹೆಸರೇನಿತ್ತು ಅಪ್ಪಾ ಎಂದು. ಚೀಟಿ ಕೊಡುವಾಗ ಮಾವ ಹೇಳಿದ್ದರು. ಸರಿಯಾಗಿ ಬರಲಿ ಎಂದು ಎರಡು ಸಲ ನನ್ನ ಬಾಯಲ್ಲಿ ಹೇಳಿಸಿಯೂ ಇದ್ದರು. ಒಂದು ವಾರದಿಂದ ಯೋಚಿಸುತ್ತಿದ್ದೇನೆ. ನೆನಪಾಗುತ್ತಿಲ್ಲ.