ಹಂದಿಯ ಕೆನ್ನೆ ಮತ್ತು ನನ್ನ ಸೊಪ್ಪಿನ ಹುಳಿ

ಪಕ್ಕದ ಮನೆಯ ಅಡುಗೆಮನೆಯಲ್ಲಿ ಸೊಪ್ಪು ಬೇಯುತ್ತಿದೆಯಲ್ಲ ಎಂದು ಆಸೆಯಿಂದ ಮುಚ್ಚಳ ತೆಗೆದೆ. ಒಳಗೆ ಹಂದಿಯ ಕೆನ್ನೆ ಇಡಿಯಾಗಿ ತೇಲುತ್ತಿತ್ತು. "ಅದೇ ಬೆಸ್ಟ್ ಪಾರ್ಟ್" ಎಂದಳು ಆ ಮನೆಯಾಕೆ, ಆಂಟ್ಯೆ ಅಂತ ಅವಳ ಹೆಸರು. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಮ್ಯಾನರ್ಸ್ ಕೈಬಿಡಲಿಲ್ಲ. "ಹೌ ಲವ್ಲಿ" ಎಂದು ಮುಚ್ಚಿಬಿಟ್ಟೆ.

ನಮ್ಮವರು ಇರುವತನಕ ನಾವು ಜರ್ಮನಿಯ ಯೇನಾ ಎಂಬ ಊರಿನಲ್ಲಿದ್ದೆವು. ಲೆನ್ಸುಗಳ ವಿಜ್ಞಾನಿ ಅವರು. ಅಲ್ಲಿ ಕೊತ್ತಂಬರಿ ಸಿಗುತ್ತಿತ್ತು, ಜಗಳವಾಡುವುದಕ್ಕಾದರೂ ನಾಲ್ಕು ಕನ್ನಡದ ಜನ ಸಿಗುತ್ತಿದ್ದರು. ಅವರು ಹೋದ ಮೇಲೆ ಮಗಳು ಸುಧಾ ತಾನು ಡಾಕ್ಟರಾಗಿರುವ ಈ ದ್ವೀಪಕ್ಕೆ ಕರೆತಂದಳು. ದೇಶದ ಉತ್ತರದ ಅಂಚು. ಸಮುದ್ರ ಇಳಿದರೆ ಸುತ್ತ ಕೆಸರು, ಏರಿದರೆ ನೀರು. ಗಾಳಿ ಜೋರಾದರೆ ಫೆರಿ ಇಲ್ಲ. ಫೆರಿ ಇಲ್ಲದ ದಿನ ಅಂಗಡಿಯಲ್ಲಿ ತರಕಾರಿಯೂ ಇಲ್ಲ.

ಅದಕ್ಕೇ ಇರಬೇಕು, ಇವರ ಹಳೆಯ ಅಡುಗೆಯೆಲ್ಲ ಉಪ್ಪಿನದು, ಹೊಗೆಯದು. ಹೊಗೆ ಹಿಡಿಸಿದ ಹಾವುಮೀನು, ಉಪ್ಪು ಹಾಕಿಟ್ಟ ಮಾಂಸ, ಆಲೂಗಡ್ಡೆ. ಹಸಿರು ಅಂತ ಒಂದಿದ್ದರೆ ಗ್ರ್ಯೂನ್‌ಕೋಲ್, ನಮ್ಮ ಕೋಸಿನ ದಾಯಾದಿಯಾದ ಗುಂಗುರು ಸೊಪ್ಪು. ಅದನ್ನು ಕೊಬ್ಬಿನಲ್ಲಿ ಬೇಯಿಸಿ, ಆರಿಸಿ, ಮತ್ತೆ ಬೇಯಿಸಿ, ಬಣ್ಣ ಸತ್ತ ಮೇಲೆ ತಿನ್ನುತ್ತಾರೆ. ಮೈಸೂರಿನಲ್ಲಿ ಸೊಪ್ಪಿನ ಹಸಿರು ಹೋದರೆ ನಮ್ಮತ್ತೆ ನನ್ನ ಹತ್ತಿರ ಮಾತು ಬಿಡುತ್ತಿದ್ದರು.

ಫೆಬ್ರವರಿಯಲ್ಲಿ ಬೀಕೆ ಎಂಬ ಹಬ್ಬ. ದಂಡೆಯಲ್ಲಿ ದೊಡ್ಡ ಬೆಂಕಿ ಹಾಕಿ ಚಳಿಗಾಲವನ್ನು ಅಟ್ಟಿ, ಆಮೇಲೆ ಊರಿಗೆ ಊರೇ ಹಾಲ್‌ನಲ್ಲಿ ಕೂತು ಈ ಸೊಪ್ಪು ಉಣ್ಣುತ್ತದೆ. ಇಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ, ನಾನು "ಡಾಕ್ಟರ ತಾಯಿ". ನನ್ನ ಕೈಯಡುಗೆ ಒಮ್ಮೆ ಉಂಡರೆ ಹೆಸರು ಹಿಡಿದು ಕರೆದಾರು ಎಂಬ ಹುಚ್ಚು ಆಸೆ. ಅದೇ ಸೊಪ್ಪಿಗೆ ತೊಗರಿಬೇಳೆ ಹಾಕಿ, ಕಾಯಿ ರುಬ್ಬಿ ಹುಳಿ ಮಾಡಿಕೊಂಡು ಹೋದೆ.

ಎಲ್ಲರೂ ನನ್ನ ಪಾತ್ರೆ ದಾಟಿ ಕೆನ್ನೆಯ ಪಾತ್ರೆಗೆ ಹೋದರು. ಸಂಕೋಚ ಇರಬೇಕು ಅಂದುಕೊಂಡೆ. ನಮ್ಮ ಪಂಕ್ತಿಯಲ್ಲಿ ಬೇಡ ಬೇಡ ಎಂದವರಿಗೇ ಅಲ್ಲವೇ ಎರಡು ಸೌಟು ಜಾಸ್ತಿ? ಸೌಟು ಹಿಡಿದು ಹೊರಟೆ. ಹಿನ್‌ರಿಶ್ ಎಂಬ ಮುದುಕರ ತಟ್ಟೆಗೆ, ಅವರ ಆಲೂಗಡ್ಡೆಯ ಮೇಲೇ, ಪ್ರೀತಿಯಿಂದ ಸುರಿದೆ.

ಅವರು ಫೋರ್ಕ್ ಕೆಳಗಿಟ್ಟರು. "ನಾನು ಕೇಳಿರಲಿಲ್ಲ" ಎಂದರು, ಅವರ ಜರ್ಮನ್‌ನಲ್ಲಿ. ತಟ್ಟೆ ಪಕ್ಕಕ್ಕೆ ಸರಿಸಿದರು.

"ಓಮಾ, ಬಿಟ್ಟೆ!" ಎಂದಳು ಮೊಮ್ಮಗಳು ತಾರಾ. ದಯವಿಟ್ಟು ಸುಮ್ಮನಿರು ಎಂದು. ಮನೆಯಲ್ಲಿ ನಾನು ಅಜ್ಜಿ, ಜನರೆದುರು ಓಮಾ.

ಸುಧಾ ನನ್ನ ಕೈಯಿಂದ ಸೌಟು ತೆಗೆದುಕೊಂಡಳು. "ಅಮ್ಮಾ, ಇಲ್ಲಿ ಯಾರೂ ಇನ್ನೊಬ್ಬರ ತಟ್ಟೆಗೆ ಬಡಿಸಲ್ಲ."

"ಮತ್ತೆ ಊಟಕ್ಕೆ ಯಾಕೆ ಕರೀತಾರೆ?"

"ಅಯ್ಯೋ, ಕೂತ್ಕೋ ಅಮ್ಮಾ. ಅವರು ನನ್ನ ಪೇಷೆಂಟು."

ಹೊರಡುವಾಗ ಆಂಟ್ಯೆ ನನ್ನ ತೋಳು ಹಿಡಿದುಕೊಂಡಳು. ಒಳ್ಳೆಯ ಹೆಂಗಸು, ಅದೇ ಕಷ್ಟ. "ಮುಂದಿನ ವರ್ಷ ನೀವು ಪೇಪರ್ ನ್ಯಾಪ್ಕಿನ್ ತನ್ನಿ, ಆಯ್ತಾ? ಪ್ರತಿ ಸಲ ಅದೇ ಕಡಿಮೆ ಬೀಳುತ್ತದೆ." ನನಗಿಂತ ಮೊದಲು ಸುಧಾ ಥ್ಯಾಂಕ್ಸ್ ಹೇಳಿದಳು.

ಮರುದಿನ ಮಗಳು ಕ್ಲಿನಿಕ್ಕಿಗೆ, ಮೊಮ್ಮಗಳು ಸ್ಕೂಲಿಗೆ ಹೋದ ಮೇಲೆ ಹುಳಿ ಬಿಸಿ ಮಾಡಿ ಅನ್ನಕ್ಕೆ ಹಾಕಿಕೊಂಡೆ. ಖಾರವೇ ಇಲ್ಲ. ಇವರ ನಾಲಿಗೆ ಸುಟ್ಟೀತೆಂದು ಮೆಣಸಿನಕಾಯಿ ಬಿಟ್ಟಿದ್ದೆ, ಹುಣಿಸೆ ಅರ್ಧ ಮಾಡಿದ್ದೆ, ಇಂಗು ಮುಟ್ಟಿರಲಿಲ್ಲ. ಮೈಸೂರಿನಲ್ಲಿ ಇದನ್ನು ಬಡಿಸಿದ್ದರೆ ನಮ್ಮತ್ತೆಯೂ ತಟ್ಟೆ ಸರಿಸುತ್ತಿದ್ದರು.