ನನ್ನ ಹೆಸರಿನ ಹರಕೆ

ನಿನ್ನೆ ಬೆಳಗಿನದನ್ನು ಇವತ್ತು ದಾರಿಬದಿಯ ಮರದಡಿ ಕುಳಿತು ಬರೆಯುತ್ತಿದ್ದೇನೆ. ಒಂದೇ ದಿನ ಕಳೆದಿದ್ದರೂ ಕೆಲವು ವಿವರ ತಪ್ಪಿರಬಹುದು. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರು ವಿದ್ಯಾರಣ್ಯಪುರದ ಒಂದು ಅರಳಿಕಟ್ಟೆಯ ಬಳಿ ಸೇರಿದ್ದರು. ಇಪ್ಪತ್ತು ಮಂದಿಯೋ ಮೂವತ್ತೋ, ಎಣಿಸಲಿಲ್ಲ. ದೊಡ್ಡಮ್ಮನನ್ನು ಅವರ ಜೊತೆ ಕಳಿಸಿ, ಬುತ್ತಿಗಂಟನ್ನು ಅವಳ ಕೈಗಿತ್ತು ಮರಳುವುದಷ್ಟೇ ನನ್ನ ಕೆಲಸ. ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿ ತಿಂಗಳೂ ಆಗಿಲ್ಲ, ರಜೆ ಕೇಳಿರಲಿಲ್ಲ.

ತಂಡದ ಯಜಮಾನರು ಒಬ್ಬೊಬ್ಬರ ಹಣೆಗೂ ವಿಭೂತಿ ಬಳಿಯುತ್ತ ಬಂದರು. ನನ್ನ ಮುಂದೆ ನಿಂತಾಗ ಮರ್ಯಾದೆಗೆಂದು ತಲೆ ಬಾಗಿಸಿದೆ. ಬಳಿದೇಬಿಟ್ಟರು.

"ನಾನು ಬರೋಳಲ್ಲ ಯಜಮಾನ್ರೇ, ದೊಡ್ಡಮ್ಮನ್ನ ಬಿಡೋಕೆ ಬಂದೆ."

"ಇಬೂತಿ ಇಡುಸ್ಕಂಡ್ಮೇಲೆ ಮನೆ ಕಡೆ ತಿರುಗಂಗಿಲ್ಲ ಕಣವ್ವ. ಮಾದಪ್ಪ ಏನ್ ಬಸ್ಸಾ, ಅತ್ತಿ ಇಳ್ಕೊಳ್ಳಕೆ?"

ಸುತ್ತಲಿದ್ದವರು ನಕ್ಕರು. ದೊಡ್ಡಮ್ಮ ಮಾತ್ರ ನಗಲಿಲ್ಲ.

"ಹರಕೆ ಇವಳದೇ ಕಣಪ್ಪ. ಇವಳಿನ್ನೂ ಕೂಸು, ಆಗ ಹೊತ್ಕೊಂಡಿದ್ದೆ. ನಡೆಸ್ಕೊಂಡು ಬತ್ತೀನಿ ಅಂತ ಮಾತು ಕೊಟ್ಬುಟ್ಟಿದ್ದೆ."

ಗಂಟು ಬಿಚ್ಚಿ ತೋರಿಸಿದಳು. ರೊಟ್ಟಿಯ ಕೆಳಗೆ ನನ್ನವೇ ಎರಡು ಸೀರೆಗಳಿದ್ದವು. ಕೂಸಿನ ಹೆಸರಲ್ಲಿ ಹರಕೆಯೆಂದರೆ ಕಾಯಿಲೆಗೇ ಇರಬೇಕು. ಆದರೆ ಚಿಕ್ಕಂದಿನಲ್ಲಿ ನನಗೆ ಕಾಯಿಲೆಯಾಗಿತ್ತೆಂದು ಅಮ್ಮ ಎಂದೂ ಹೇಳಿದವಳಲ್ಲ. ಇಲ್ಲವೇ ಹೇಳಿದ್ದನ್ನು ನಾನೇ ಮರೆತೆನೇ? ಹೆದರಿಕೆಯಿಂದ ಹೊರಟೆನೋ, ನಾಚಿಕೆಯಿಂದಲೋ, ಈಗ ಗೊತ್ತಾಗುತ್ತಿಲ್ಲ. ಚಪ್ಪಲಿಯನ್ನು ಯಾರ ಮನೆಯಲ್ಲಿ ಬಿಟ್ಟೆ ಎಂಬುದೂ ನೆನಪಿಲ್ಲ.

ನಿನ್ನೆಯಿಂದ ದೊಡ್ಡಮ್ಮನನ್ನು ಮೂರು ಸಲ ಕೇಳಿದ್ದೇನೆ. ಪ್ರತಿಸಲವೂ ಅವಳ ನಡಿಗೆ ಚುರುಕಾಗುತ್ತದೆ.

"ದೊಡ್ಡಮ್ಮ, ಆವತ್ತು ನನಗೋಸ್ಕರ ಏನಂತ ಕೇಳ್ಕೊಂಡಿದ್ದೆ?"