ಒಂದು ಗೇಣು ಆಚೆ

ಆ ದಿನ ಮೈದಾನದಲ್ಲಿ ಚೆಂಡು ಎಸೆಯುವವನ ನೇರ ಎದುರಿಗೆ ಕೂತಿದ್ದವನು ನಾನು. ಆದ್ದರಿಂದ ನಡೆದದ್ದನ್ನು ನಡೆದ ಹಾಗೆಯೇ, ಅವಸರವಿಲ್ಲದೆ ಹೇಳಬೇಕು. ಈಗಲೂ ಯಾರಾದರೂ ನನ್ನ ಕಡೆಗೆ ಬೈಕಿನ ಕೀಲಿಕೈ ಎಸೆದರೆ ಕಣ್ಣು ಮುಚ್ಚಿಕೊಳ್ಳುತ್ತೇನೆ.

ಹಾಸನದ ಕಾಲೇಜಿನಲ್ಲಿ ನಾವು ಕೊನೆಯ ವರ್ಷದ ಬಿ.ಎ.ಯಲ್ಲಿದ್ದಾಗ ನಮ್ಮ ದೈಹಿಕ ಶಿಕ್ಷಣದ ಮೇಷ್ಟ್ರಿಗೆ ಬೇಸ್‌ಬಾಲ್ ಹುಚ್ಚು ಹಿಡಿಯಿತು. ಕ್ರಿಕೆಟ್ಟಿಗಾದರೆ ಊರೆಲ್ಲ ಮುಗಿಬೀಳುತ್ತದೆ, ಇದಕ್ಕೆ ಯಾರೂ ಬರುವುದಿಲ್ಲ, ಗೆಲ್ಲುವುದು ಸುಲಭ ಎಂಬುದು ಅವರ ಎಣಿಕೆ. ಚೆಂಡು ಎಸೆಯುವವನು ಅವರಿಗೆ ಸಿಕ್ಕಿದ್ದು ದುದ್ದದ ಹತ್ತಿರದ ತೆಂಗಿನ ತೋಟದಲ್ಲಿ. ಬೀಗರೂಟಕ್ಕೆ ಹೋಗಿದ್ದವರು, ನನ್ನ ಸಹಪಾಠಿಯೊಬ್ಬ ಕಲ್ಲು ಬೀಸಿ ಕೋತಿ ಓಡಿಸುವುದನ್ನು ಕಂಡರು. ಕಲ್ಲು ಗುಂಡಿನಂತೆ ಹೋಗಿ, ಕೋತಿಯ ಕಿವಿಯಿಂದ ಒಂದು ಗೇಣು ಆಚೆ ಹಾಯುತ್ತಿತ್ತು. ಪ್ರತಿ ಸಲವೂ.

“ಒಂದೇ ಗೇಣು ಕಣ್ರೋ! ಅಷ್ಟು ತಿದ್ದಿಬುಟ್ರೆ ಇಂಡಿಯಾಕ್ಕೇ ಆಡ್ತಾನೆ,” ಎಂದು ಮರುದಿನ ಸಾರಿದರು.

ಕಾಲೇಜಿನ ಹಿಂದಿನ ಗೋಡೆಗೆ ಸುಣ್ಣದಿಂದ ಚೌಕ ಬರೆದು ಅಭ್ಯಾಸ ಮಾಡಿಸಿದರು. ತಿದ್ದುವುದೇನೂ ಇರಲಿಲ್ಲ. ಅವನು ಎಸೆದದ್ದೆಲ್ಲ ಚೌಕದ ನಡುವೆಯೇ ಬೀಳುತ್ತಿತ್ತು, ಗಾರೆ ಉದುರುತ್ತಿತ್ತು. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದರೆ ಕ್ರೀಡಾ ಕೋಟಾದಲ್ಲಿ ಆಟದ ಮೇಷ್ಟ್ರಾಗುವ ಬಿ.ಪಿ.ಎಡ್. ಸೀಟು ಸಿಗಬಹುದೆಂದು ಮೇಷ್ಟ್ರು ಹೇಳಿದ್ದರು. ಅವನಿಗೆ ಆ ಸೀಟು ಬೇಕೇಬೇಕಿತ್ತು. ಇಲ್ಲವಾದರೆ ಮತ್ತೆ ತೋಟ, ಮತ್ತೆ ಕೋತಿ.

ಆಯ್ಕೆಯ ಪಂದ್ಯ ಚನ್ನರಾಯಪಟ್ಟಣದವರ ಮೇಲೆ. ಮೈಸೂರಿನಿಂದ ಎರವಲು ತಂದ ಕಂಬಿಯ ಮುಖವಾಡ, ಎದೆಕವಚ, ದಪ್ಪ ಗ್ಲೌಸು ಅವತ್ತು ಬೆಳಿಗ್ಗೆಯಷ್ಟೇ ಬಂದಿದ್ದವು. ಅವನ್ನು ತೊಟ್ಟು, ಬ್ಯಾಟು ಹಿಡಿದವನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಚೆಂಡು ಹಿಡಿಯುವ ಕೆಲಸ ನನ್ನದು.

ಮೊದಲ ಚೆಂಡು ನನ್ನ ಎಡಗಿವಿಯಿಂದ ಒಂದು ಗೇಣು ಆಚೆ ಹೋಯಿತು. ಕೈ ಎತ್ತಬೇಕೆಂದು ನನಗೆ ಹೊಳೆದದ್ದು ಅದು ಹೋದ ಮೇಲೆ. ಎರಡನೆಯದೂ ಹಾಗೆಯೇ. ಹಿಂದೆ ನಿಂತಿದ್ದ ಅಂಪೈರು ನಿಧಾನವಾಗಿ ದೂರ ಸರಿದು ಬೇವಿನ ಮರದ ಮರೆಗೆ ಸೇರಿದರು. ತೀರ್ಪು ಅಲ್ಲಿಂದಲೇ ಬರುತ್ತಿತ್ತು. ಈ ಆಟದಲ್ಲಿ ನೆಟ್ಟಗೆ ಬಂದ ಚೆಂಡು ‘ಸ್ಟ್ರೈಕ್’; ನಾಲ್ಕು ಚೆಂಡು ಅಡ್ಡಾದಿಡ್ಡಿ ಹೋದರೆ ಎದುರಾಳಿ ಬ್ಯಾಟು ಬೀಸದೆಯೇ ಮುಂದಿನ ‘ಬೇಸ್’ ಎಂಬ ಠಾಣೆಗೆ ನಡೆಯಬಹುದು. ಚನ್ನರಾಯಪಟ್ಟಣದವರು ಸಂಜೆ ವಾಕಿಂಗಿಗೆ ಬಂದವರಂತೆ ನಡೆಯತೊಡಗಿದರು.

“ನೀನೇ ಒಂದು ಗೇಣು ಎಡಕ್ಕೆ ಕೂತ್ಕೊಳ್ಳೋ!” ಎಂದು ಮೇಷ್ಟ್ರು ಕೂಗಿದರು. ಕೂತೆ. ಚೆಂಡು ಇನ್ನೂ ಒಂದು ಗೇಣು ಎಡಕ್ಕೆ ಹೋಯಿತು.

ಮೇಷ್ಟ್ರು ಆಟ ನಿಲ್ಲಿಸಿ ಅವನ ಬಳಿಗೆ ಓಡಿದರು. ನಾನೂ ಹೋದೆ.

“ಏನ್ಲಾ ಬಂತು ನಿಂಗೆ? ಗೋಡೆಗೆ ಸರ್ಯಾಗ್ ಒಡೀತಿದ್ದೆ!”

“ಗೋಡೆಗೆ ಒಡುದ್ರೆ ಪಾಪ ಇಲ್ಲ ಸಾ.”

“ಪಾಪ? ಇಲ್ಲಿ ಪಾಪ ಎಲ್ಲಿಂದ ಬಂತ್ಲಾ?”

ಅವನು ನನ್ನನ್ನು ನೋಡಿ ತಲೆ ತಗ್ಗಿಸಿದ. “ನಮ್ಮಜ್ಜಿ ಚಿಕ್ಕಂದಿಂದ ಏಳ್ಕೊಟ್ಟವ್ಳೆ ಸಾ. ಎದ್ರುಸು, ಮೈಗೆ ಮಾತ್ರ ತಾಕುಸ್ಬ್ಯಾಡ, ಅದು ಆಂಜನೇಯ ಅಂತ. ಇವ್ನು ಆ ಮುಖವಾಡ ಆಕ್ಕಂಡು ಅಂಗೆ ಕುಂತವ್ನಲ್ಲ... ಕೈ ತಾನಾಗೇ ತಪ್ಸ್‌ಬುಡ್ತದೆ.”

ಮೇಷ್ಟ್ರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವನ ಮಾತನ್ನು ಅಲ್ಲಗಳೆಯಲಿಲ್ಲ.

“ಅವ್ನಿಗೊಂದ್ ಬಾಳೆಹಣ್ಣು ಕೊಡ್ರಪ್ಪಾ!” ಎಂದು ಎದುರಾಳಿಗಳ ಕಡೆಯಿಂದ ಯಾರೋ ಕೂಗಿದರು.

ಹಿಂದಿರುಗಿ ಕೂತು ಮುಖವಾಡ ತೆಗೆದಿಟ್ಟೆ. ಮರದ ಮರೆಯಿಂದ ಅಂಪೈರು ಬೇಡವೆಂದರು. “ನೋಡ್ಲಾ, ನಾನು ಕಣ್ಲಾ!” ಎಂದು ಅವನಿಗೆ ಕೇಳಿಸುವಂತೆ ಕೂಗಿದೆ. ಅವನು ನನ್ನ ಮುಖವನ್ನೇ ನಿಟ್ಟಿಸಿದ, ಉಸಿರೆಳೆದುಕೊಂಡ, ಎಸೆದ. ಚೆಂಡು ನೆಟ್ಟಗೆ ಬಂತು. ಗ್ಲೌಸಿನ ಅಂಚಿಗೆ ತಾಗಿ ನನ್ನ ತುಟಿಗೆ ಬಡಿಯಿತು.

“ಸ್ಟ್ರೈಕ್!” ಎಂದಿತು ಬೇವಿನ ಮರ.

ಪಂದ್ಯ ಅಲ್ಲಿಗೆ ನಿಂತಿತು, ರಕ್ತ ನೋಡಿ ಅವನು ಮತ್ತೆ ಚೆಂಡು ಮುಟ್ಟಲಿಲ್ಲ. “ವೇಗ ಇದೆ, ಮುಂದಿನ ವರ್ಷ ನೋಡೋಣ,” ಎಂದರು ಆಯ್ಕೆಗಾರರು. ನಮಗೆ ಮುಂದಿನ ವರ್ಷ ಕಾಲೇಜೇ ಇರಲಿಲ್ಲ.

ಒಬ್ಬನನ್ನೇ ಕಳಿಸಲು ಮನಸ್ಸಾಗದೆ ದುದ್ದದವರೆಗೂ ಬಸ್ಸಿನಲ್ಲಿ ಜೊತೆಗೆ ಹೋದೆ. ಅವನು ದಾರಿಯುದ್ದಕ್ಕೂ ಕಿಟಕಿಯ ಆಚೆ ನೋಡುತ್ತಿದ್ದ. ಇಳಿಯುವ ಮುನ್ನ ತಿರುಗಿ ಕೇಳಿದ:

“ಸೀಟು ಓದ್ರೆ ಓಯ್ತು ಬುಡು. ಆದ್ರೆ ಆ ಒಂದು ಬಾಲು ಸರ್ಯಾಗ್ ಬತ್ತು ಅಲ್ವೇನ್ಲಾ?”

ಊದಿದ ತುಟಿಯನ್ನು ಕರವಸ್ತ್ರದಿಂದ ಒತ್ತಿಕೊಂಡೇ ಹೌದೆಂದು ತಲೆಯಾಡಿಸಿದೆ. ಅವನು ಹಲ್ಲು ಕಿರಿದು ಬಸ್ಸಿನಿಂದ ಧುಮುಕಿದ.